ಕಾವಲು ಮುಗಿದ ಮೇಲೆ

ಸ್ನೇಹಿತರೇ,

ಯುದ್ಧಭೂಮಿಯಲ್ಲಿ ಹಲವು ತಿಂಗಳು ಕಳೆದ ತುಕಡಿಯೊಂದು ಮನೆಗೆ ಹೊರಡುವ ಹೊತ್ತನ್ನು ಕಣ್ಣ ಮುಂದೆ ತಂದುಕೊಳ್ಳಿ. ವಿಮಾನ ಹತ್ತುವ ಮುನ್ನ ಎಲ್ಲರೂ ಆರೋಗ್ಯದ ಫಾರಂ ಒಂದನ್ನು ತುಂಬಬೇಕು. ಮೇಲ್ಗಡೆ ಹೆಸರು, ಸೇವಾ ಸಂಖ್ಯೆ; ಅದರ ಕೆಳಗೆ ಪ್ರಶ್ನೆಗಳು. ನಿದ್ರೆ ಸರಿಯಾಗಿ ಬರುತ್ತಿದೆಯೇ? ಕೆಟ್ಟ ಕನಸುಗಳು ಬೀಳುತ್ತಿವೆಯೇ? ಬದುಕೇ ಬೇಡ ಎಂದು ಎಂದಾದರೂ ಅನ್ನಿಸಿದ್ದುಂಟೇ? ‘ಹೌದು’ ಎಂದು ಗುರುತು ಹಾಕಿದವನನ್ನು ಪಕ್ಕದ ಕೋಣೆಗೆ ಕಳಿಸುತ್ತಾರೆ, ಅವನ ಪ್ರಯಾಣ ತಡವಾದರೂ ಆಗಬಹುದು ಎಂಬುದು ಸಾಲಿನಲ್ಲಿ ನಿಂತ ಪ್ರತಿಯೊಬ್ಬನಿಗೂ ಗೊತ್ತು. ಹಿಂದೆ ನಿಂತವನ ಕಣ್ಣು ತನ್ನ ಕಾಗದದ ಮೇಲೇ ಇದೆಯೇನೋ ಎಂಬ ಅಳುಕು ಬೇರೆ. ಪೆನ್ನು ಸರಸರನೆ ‘ಇಲ್ಲ’, ‘ಇಲ್ಲ’, ‘ಇಲ್ಲ’ ಎನ್ನುತ್ತಾ ಪುಟದ ಕೊನೆಗೆ ಇಳಿದುಬಿಡುತ್ತದೆ.

ಇದು ಬರೀ ಊಹೆಯಲ್ಲ. ಇರಾಕಿನಿಂದ ಮರಳಿದ ಅಮೆರಿಕದ ಸೈನಿಕರಿಗೆ ಈ ಪ್ರಶ್ನೆಗಳನ್ನು ಹೆಸರು ಬರೆಸಿಕೊಂಡು ಒಮ್ಮೆ, ಹೆಸರಿಲ್ಲದೆ ಇನ್ನೊಮ್ಮೆ ಕೇಳಿದಾಗ, ಹೆಸರಿಲ್ಲದ ಕಾಗದದಲ್ಲಿ ಖಿನ್ನತೆ, ಆಘಾತದ ಲಕ್ಷಣ ಮತ್ತು ಆತ್ಮಹತ್ಯೆಯ ಆಲೋಚನೆಗಳನ್ನು ಒಪ್ಪಿಕೊಂಡವರ ಪ್ರಮಾಣ ಎರಡರಿಂದ ನಾಲ್ಕು ಪಟ್ಟು ಹೆಚ್ಚಾಗಿತ್ತು. ಈ ಸಂಶೋಧನೆ 2011ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 2007ರಲ್ಲಿ, 88,000ಕ್ಕೂ ಹೆಚ್ಚು ಸೈನಿಕರ ತಪಾಸಣೆಯ ವಿವರಗಳನ್ನು ಒಟ್ಟಿಗಿಟ್ಟು ನೋಡಿದ ಇನ್ನೊಂದು ಅಧ್ಯಯನ ಬಂದಿತ್ತು. ಹಿಂದಿರುಗಿದ ಕೂಡಲೇ ಒಮ್ಮೆ, ಕೆಲವು ತಿಂಗಳ ನಂತರ ಮತ್ತೊಮ್ಮೆ ತಪಾಸಣೆ ಮಾಡಿದ್ದರು. ಎರಡೂ ಸಲದ್ದನ್ನು ಸೇರಿಸಿ ಲೆಕ್ಕ ಹಾಕಿದಾಗ, ಮಾನಸಿಕ ಆರೈಕೆ ಬೇಕಿದ್ದವರು ಕಾಯಂ ಸೇನೆಯಲ್ಲಿ ಶೇಕಡ 20.3ರಷ್ಟಿದ್ದರೆ, ಮೀಸಲು ಪಡೆಯಲ್ಲಿ ಶೇಕಡ 42.4ರಷ್ಟಿದ್ದರು.

ಈ ಎರಡು ಅಂಕಿಗಳ ನಡುವಿನ ಅಂತರವೇ ಇಂದಿನ ನನ್ನ ಮಾತಿನ ತಿರುಳು. ಎರಡೂ ಪಡೆಯವರು ಹೋಗಿಬಂದದ್ದು ಅದೇ ಯುದ್ಧಕ್ಕೆ. ಆದರೆ ಕಾಯಂ ಸೈನಿಕ ಹಿಂದಿರುಗಿದ ಮೇಲೂ ತನ್ನ ತುಕಡಿಯವರೊಂದಿಗೇ ಇರುತ್ತಾನೆ. ಮೀಸಲು ಪಡೆಯವನು ಸಮವಸ್ತ್ರ ಬಿಚ್ಚಿಟ್ಟು ತನ್ನ ಹಳೆಯ ಕೆಲಸಕ್ಕೆ, ಯುದ್ಧವೆಂದರೇನೆಂದು ಅರಿಯದ ಸಹೋದ್ಯೋಗಿಗಳ ನಡುವೆ, ಒಬ್ಬನೇ ಮರಳುತ್ತಾನೆ. ಈ ಅಂತರಕ್ಕೆ ಚಿಕಿತ್ಸೆಯ ಸವಲತ್ತು ಎಷ್ಟು ಕಾಲ ಸಿಗುತ್ತದೆ ಎಂಬಂಥ ಬೇರೆ ಕಾರಣಗಳೂ ಇರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಈ ವಿಷಯದಲ್ಲಿ ನಡೆದಿರುವ ಸಂಶೋಧನೆಗಳನ್ನು ಓದಿದಷ್ಟೂ ನನಗೆ ಗಟ್ಟಿಯಾಗುತ್ತಾ ಬಂದ ಅಭಿಪ್ರಾಯ ಇದು: ಸೈನಿಕನ ಜೀವಕ್ಕೆ ಯುದ್ಧದಷ್ಟೇ ದೊಡ್ಡ ಅಪಾಯ, ಜೊತೆಯವರಿಂದ ಕಳಚಿಕೊಂಡು ಒಂಟಿಯಾಗುವುದರಲ್ಲಿದೆ.

ಅಂಕಿಅಂಶಗಳನ್ನು ಸ್ವಲ್ಪ ಹೇಳಲೇಬೇಕು. 2008ರಲ್ಲಿ ಅಮೆರಿಕದ ಭೂಸೇನೆಯಲ್ಲಿ ಆತ್ಮಹತ್ಯೆಯ ಪ್ರಮಾಣ ಅಲ್ಲಿನ ಅದೇ ವಯೋಮಾನದ ನಾಗರಿಕರ ಪ್ರಮಾಣವನ್ನು ಮೀರಿತು. ಬ್ರೌನ್ ವಿಶ್ವವಿದ್ಯಾಲಯದ ಯುದ್ಧವೆಚ್ಚ ಅಧ್ಯಯನ ಯೋಜನೆಯವರು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2001ರ ಸೆಪ್ಟೆಂಬರ್ ದಾಳಿಯ ನಂತರದ ಯುದ್ಧಗಳ ಕಾಲದಲ್ಲಿ ಸೇವೆ ಸಲ್ಲಿಸಿದ ಸೈನಿಕರು ಮತ್ತು ಮಾಜಿ ಸೈನಿಕರಲ್ಲಿ ಸುಮಾರು 30,177 ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು. ಆ ಯುದ್ಧಗಳ ಕಾರ್ಯಾಚರಣೆಯಲ್ಲಿ ಸತ್ತವರು 7,057. ಯುದ್ಧದಲ್ಲಿ ಹೋದ ಜೀವಗಳಿಗಿಂತ ನಾಲ್ಕು ಪಟ್ಟು ಹೆಚ್ಚು ಜೀವಗಳು ಹೀಗೆ ಹೋದವು ಎಂಬುದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ಹಾಗೆಂದು ಯುದ್ಧಕ್ಕೆ ಹೋಗಿಬಂದವರೆಲ್ಲರೂ ಮುರಿದುಹೋದವರು ಎಂದು ಭಾವಿಸಬಾರದು. ಬಹುಪಾಲು ಸೈನಿಕರು ಮರಳಿ ಬಂದು, ಕೆಲವು ತಿಂಗಳ ತಳಮಳದ ನಂತರ ನೆಮ್ಮದಿಯ ಬದುಕು ನಡೆಸುತ್ತಾರೆ. ಮಾಜಿ ಸೈನಿಕನೆಂದರೆ ಯಾವ ಗಳಿಗೆಯಲ್ಲಾದರೂ ಸಿಡಿಯುವವನು ಎಂಬಂತೆ ಚಿತ್ರಿಸುವುದರಿಂದ, ನಿಜವಾಗಿ ನರಳುತ್ತಿರುವವನು ಇನ್ನಷ್ಟು ಮುದುಡಿಕೊಳ್ಳುತ್ತಾನೆ.

ಯುದ್ಧವಲಯಕ್ಕೆ ನಿಯೋಜನೆಯಾಗುವುದೇ ಆತ್ಮಹತ್ಯೆಗೆ ಕಾರಣ ಎಂದು ಮೊದಮೊದಲು ಎಲ್ಲರೂ ನಂಬಿದ್ದರು. 39 ಲಕ್ಷ ಅಮೆರಿಕನ್ ಸೈನಿಕರ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಹೊರಬಂದ ಅಧ್ಯಯನವೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ನಿಯೋಜನೆಗೊಂಡವರಿಗೂ ಗೊಳ್ಳದವರಿಗೂ ಆತ್ಮಹತ್ಯೆಯ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಸೇನೆ ಬಿಟ್ಟವರಲ್ಲಿ. ಅದರಲ್ಲೂ ನಾಲ್ಕು ವರ್ಷ ತುಂಬುವ ಮೊದಲೇ ಹೊರಬಿದ್ದವರಲ್ಲಿ, ಗೌರವದ ಬಿಡುಗಡೆ ಸಿಗದೆ ಹೊರಹಾಕಲ್ಪಟ್ಟವರಲ್ಲಿ. ಇದರಿಂದ ಯುದ್ಧ ನಿರಪಾಯಕಾರಿ ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಆರೋಗ್ಯವಂತರನ್ನೇ ಆರಿಸಿ ಕಳಿಸುವುದರಿಂದ ಒಟ್ಟು ಲೆಕ್ಕದಲ್ಲಿ ಹಾನಿ ಮರೆಯಾಗುತ್ತದೆ. ಜೊತೆಗೆ, ನಿಯೋಜನೆ ಎಂಬ ಒಂದೇ ಪದದೊಳಗೆ ಉಗ್ರಾಣದ ಲೆಕ್ಕ ಬರೆದವನೂ, ಕೈಯಾರೆ ಮನುಷ್ಯನನ್ನು ಕೊಂದವನೂ ಸೇರಿಕೊಳ್ಳುತ್ತಾರೆ. ಇವರನ್ನು ಬೇರ್ಪಡಿಸಿ ನೋಡಿದ ಅಧ್ಯಯನಗಳಲ್ಲಿ, ಕೊಂದ ಮತ್ತು ಕ್ರೌರ್ಯವನ್ನು ಕಣ್ಣಾರೆ ಕಂಡ ಅನುಭವಕ್ಕೂ ಆತ್ಮಹತ್ಯೆಯ ಆಲೋಚನೆ, ಪ್ರಯತ್ನಗಳಿಗೂ ನಂಟಿರುವುದು ಸ್ಪಷ್ಟವಾಗಿಯೇ ಕಾಣುತ್ತದೆ.

ಆ ಅನುಭವ ಮನೆಯೊಳಗೆ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಒಂದು ರಾತ್ರಿಯ ಮಟ್ಟಿಗೆ ನೋಡೋಣ. ಗಂಟೆ ಮೂರು. ಮನೆಗೆ ಬಂದು ಐದು ತಿಂಗಳಾದ ಸೈನಿಕ ಹಾಸಿಗೆಯಿಂದ ಸದ್ದಿಲ್ಲದೆ ಏಳುತ್ತಾನೆ. ಮುಂಬಾಗಿಲ ಚಿಲಕವನ್ನು ಬೆರಳಿನಿಂದ ಮುಟ್ಟಿ ನೋಡುತ್ತಾನೆ, ಆಮೇಲೆ ಹಿಂಬಾಗಿಲು, ಆಮೇಲೆ ಒಂದೊಂದೇ ಕಿಟಕಿ. ಮಕ್ಕಳ ಕೋಣೆಯ ಹೊಸ್ತಿಲಲ್ಲಿ ನಿಂತು ಅವರ ಉಸಿರು ಆಲಿಸುತ್ತಾನೆ. ಮತ್ತೆ ಮುಂಬಾಗಿಲಿಗೆ ಬರುತ್ತಾನೆ, ಏಕೆಂದರೆ ಮೊದಲು ಮುಟ್ಟಿದ್ದು ಈಗ ನೆನಪಿಗೆ ಬಾರದು. ಎಚ್ಚರವಾಗಿರುವ ಹೆಂಡತಿ “ಏನ್ರೀ, ಮಲಗಲ್ವಾ?” ಎಂದರೆ, “ನೀರು ಕುಡಿಯೋಕೆ ಎದ್ದೆ, ನೀನು ಮಲಗು” ಎನ್ನುತ್ತಾನೆ. ಅವಳಿಗೆ ಗೊತ್ತು, ಅವನು ನೀರು ಕುಡಿದಿಲ್ಲ.

ಕಾವಲಿನ ಈ ಎಚ್ಚರವನ್ನು ಅವನಿಗೆ ಕಲಿಸಿದ್ದು ಯುದ್ಧ, ಅಲ್ಲಿ ಅವನ ಪ್ರಾಣ ಉಳಿಸಿದ್ದೂ ಇದೇ. ಆಪತ್ತಿನಲ್ಲಿ ಮೆದುಳು ಕಲಿತ ಪಾಠವನ್ನು ಆಪತ್ತು ಕಳೆದ ಮೇಲೂ ಬಿಟ್ಟುಕೊಡದಿರುವ ಸ್ಥಿತಿಯನ್ನು ಇಂದು ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಕರೆಯುತ್ತೇವೆ. ಬೇಡವೆಂದರೂ ಮರುಕಳಿಸುವ ನೆನಪು, ನೆನಪು ತರುವ ಜಾಗ ಮತ್ತು ಜನರಿಂದ ದೂರ ಸರಿಯುವುದು, ಮನಸ್ಸು ಮರಗಟ್ಟಿದಂತಾಗುವುದು, ಸಣ್ಣ ಸದ್ದಿಗೂ ಮೈಯೆಲ್ಲ ಬಿಗಿಯಾಗುವುದು ಇದರ ಮುಖ್ಯ ಲಕ್ಷಣಗಳು. ನಿದ್ರೆಗೆಟ್ಟ ಮೇಲೆ ನಿದ್ರೆಗಾಗಿ ಮದ್ಯ, ಮದ್ಯದಿಂದ ಮನೆಯಲ್ಲಿ ಜಗಳ, ಜಗಳದಿಂದ ಇನ್ನಷ್ಟು ಒಂಟಿತನ, ಹೀಗೆ ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ. ಸ್ಫೋಟದಲ್ಲಿ ತಲೆಗೆ ಪೆಟ್ಟು ಬಿದ್ದವರಿಗೆ, ವಾಸಿಯಾಗದ ನೋವು ಇರುವವರಿಗೆ, ಸೇವೆಯಲ್ಲಿದ್ದಾಗ ತಮ್ಮವರಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಈ ಹೊರೆ ಇನ್ನೂ ಭಾರ.

ಭಯದಿಂದ ಹುಟ್ಟದ ಇನ್ನೊಂದು ನೋವೂ ಇದೆ. ಬಾಸ್ಟನ್‌ನಲ್ಲಿ ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ ಅದನ್ನು ನೈತಿಕ ಗಾಯ ಎಂದು ಕರೆದರು. ತಾನು ಮಾಡಿದ್ದು, ತಡೆಯಲಾಗದೆ ಹೋದದ್ದು, ಅಥವಾ ತಾನು ನಂಬಿದ್ದ ಮೇಲಧಿಕಾರಿಯೇ ಮಾಡಿದ್ದು ಸರಿಯಲ್ಲ ಎಂಬ ಅರಿವು ಒಳಗೊಳಗೇ ಕೊರೆಯುವುದು ಇದರ ಸ್ವರೂಪ. ಭಯವಿರುವವನಿಗೆ ‘ಈಗ ನೀನು ಸುರಕ್ಷಿತ’ ಎಂದರೆ ಕೊಂಚವಾದರೂ ಸಮಾಧಾನವಾದೀತು. ಆದರೆ ತಪಾಸಣಾ ಠಾಣೆಯಲ್ಲಿ ನಿಲ್ಲದೆ ಬಂದ ವಾಹನದ ಮೇಲೆ ಆಜ್ಞೆಯಂತೆ ಗುಂಡು ಹಾರಿಸಿ, ಆಮೇಲೆ ಬಾಗಿಲು ತೆರೆದಾಗ ಹಿಂದಿನ ಸೀಟಿನಲ್ಲಿ ಮಗುವನ್ನು ಕಂಡವನಿಗೆ ಆ ಮಾತಿನಿಂದ ಏನೂ ಆಗದು. ಅಂಥವನು ತನ್ನ ಮಗುವನ್ನು ಎತ್ತಿಕೊಳ್ಳಲೂ ಹಿಂಜರಿಯುತ್ತಾನೆ. ‘ನೀನೇನೂ ತಪ್ಪು ಮಾಡಿಲ್ಲ ಬಿಡು’ ಎಂದು ಅವಸರದಲ್ಲಿ ಹೇಳಿಬಿಡುವುದು ಸಾಂತ್ವನವಲ್ಲ. ಅದು ಅವನ ಬಾಯಿ ಮುಚ್ಚಿಸುತ್ತದೆ. ಅವನಿಗೆ ಬೇಕಾಗಿರುವುದು ನಡೆದದ್ದನ್ನೆಲ್ಲ ಪೂರ್ತಿ ಕೇಳಿಯೂ ಎದ್ದುಹೋಗದ ಒಬ್ಬ ಮನುಷ್ಯ.

ಆತ್ಮಹತ್ಯೆಯನ್ನು ಕುರಿತು ಮನೋವಿಜ್ಞಾನಿ ಥಾಮಸ್ ಜಾಯ್ನರ್ ಮಂಡಿಸಿದ ಸಿದ್ಧಾಂತ ಸೈನಿಕರ ಸ್ಥಿತಿಯನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ನಾನು ಯಾರಿಗೂ ಸೇರಿದವನಲ್ಲ ಎಂಬ ಭಾವ, ನಾನು ನನ್ನವರಿಗೆ ಹೊರೆ ಎಂಬ ಭಾವ, ಇವೆರಡರ ಜೊತೆಗೆ ನೋವು ಮತ್ತು ಸಾವಿನ ಭಯ ಸವೆದುಹೋಗಿರುವುದು, ಈ ಮೂರೂ ಕೂಡಿದಾಗ ಅಪಾಯ ತೀವ್ರವಾಗುತ್ತದೆ ಎನ್ನುತ್ತಾರೆ ಅವರು. ಮೂರನೆಯದನ್ನು ಸೈನಿಕನಿಗೆ ತರಬೇತಿಯೇ ಕೊಟ್ಟಿರುತ್ತದೆ, ಅದನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ. ನಾವು ಕೈಯಿಡಬಹುದಾದದ್ದು ಮೊದಲಿನ ಎರಡರ ಮೇಲೆ.

ಹಿಂದಿನ ಕಾಲದ ಸೇನೆಗಳಿಗೆ ಈ ತಿಳಿವಳಿಕೆ ಇರಲಿಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರ ಎದೆಬಡಿತ, ಉಬ್ಬಸಗಳನ್ನು ವೈದ್ಯ ಜೇಕಬ್ ಡ ಕೋಸ್ಟ 1871ರಲ್ಲಿ ಹೃದಯದ ಉದ್ರೇಕವೆಂದು ದಾಖಲಿಸಿದರು. ಬ್ರಿಟನ್ನಿನ ಮನೋವಿಜ್ಞಾನಿ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ಲಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ರಣರಂಗದಲ್ಲಿ ಮನಸ್ಸು ಕುಸಿದವರ ಸ್ಥಿತಿಗೆ ‘ಶೆಲ್ ಶಾಕ್’ (ಸಿಡಿಗುಂಡಿನ ಆಘಾತ) ಎಂಬ ಹೆಸರನ್ನು ಬಳಸಿದರು. ಹೆಸರು ಬಂದ ಮಾತ್ರಕ್ಕೆ ದಯೆ ಬರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಹ್ಯಾರಿ ಫಾರ್ ಎಂಬ ಬ್ರಿಟಿಷ್ ಸೈನಿಕ ಶೆಲ್ ಶಾಕ್‌ಗೆ ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಆಗ ಅವನ ಹೆಂಡತಿಗೆ ಬಂದ ಕಾಗದದ ಮೇಲೆ ಅವನ ಕೈಬರಹವೇ ಇರಲಿಲ್ಲ, ಅದನ್ನು ಬೇರೆ ಯಾರೋ ಬರೆದಿದ್ದರು. ಓದುಬರಹ ಚೆನ್ನಾಗಿಯೇ ಬಲ್ಲ ಗಂಡನ ಕೈ ಪೆನ್ನು ಹಿಡಿಯಲಾರದಷ್ಟು ನಡುಗುತ್ತಿತ್ತು. ಅಂಥವನನ್ನು ಮತ್ತೆ ರಣರಂಗಕ್ಕೆ ಕಳಿಸಿದರು. ಫ್ರಾನ್ಸಿನ ಸೊಮ್ ಕದನದ ಹೊತ್ತಿಗೆ, 1916ರ ಸೆಪ್ಟೆಂಬರ್‌ನಲ್ಲಿ, ಇನ್ನು ಮುಂದಕ್ಕೆ ಹೋಗಲಾರೆ ಎಂದ. ಹೇಡಿತನದ ಆರೋಪದ ಮೇಲೆ ಸೇನಾ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ಅಕ್ಟೋಬರ್ 16ರ ಬೆಳಗ್ಗೆ ತನ್ನದೇ ಸೇನೆಯ ಗುಂಡಿಗೆ ಅವನು ಬಲಿಯಾದ. ವಯಸ್ಸು 25. ಹೇಡಿತನ, ಪಲಾಯನ ಮುಂತಾದ ಆರೋಪಗಳಲ್ಲಿ ಹೀಗೆ ಗುಂಡಿಗೆ ಬಲಿಯಾದ 306 ಮಂದಿಗೆ ಬ್ರಿಟನ್ ಸರ್ಕಾರ 2006ರಲ್ಲಿ ಕ್ಷಮಾದಾನ ನೀಡಿತು. ಆ 90 ವರ್ಷಗಳ ಕಳಂಕವನ್ನು ಹೊತ್ತು ಬದುಕಿದ ಹೆಂಡತಿ ಮಕ್ಕಳ ಪಾಡನ್ನು ನೆನೆದರೆ ಇಂದಿಗೂ ಮನಸ್ಸು ಭಾರವಾಗುತ್ತದೆ. ಪಿಟಿಎಸ್‌ಡಿಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಜಾಗ ಸಿಕ್ಕಿದ್ದು 1980ರಲ್ಲಿ.

ಅದೇ ಮಹಾಯುದ್ಧದಲ್ಲಿ ಇನ್ನೊಂದು ಪಾಠವನ್ನೂ ಕಲಿತಿದ್ದರು. ಅಮೆರಿಕದ ಮನೋವೈದ್ಯ ಥಾಮಸ್ ಸಾಲ್ಮನ್, ಕುಸಿದ ಸೈನಿಕನನ್ನು ದೂರದ ಆಸ್ಪತ್ರೆಗೆ ಸಾಗಿಸುವ ಬದಲು, ಅವನ ತುಕಡಿಯ ಹತ್ತಿರದಲ್ಲೇ, ತಡಮಾಡದೆ, ನೀನು ಗುಣವಾಗಿ ನಿನ್ನವರ ಬಳಿ ಮರಳುತ್ತೀಯೆ ಎಂಬ ಭರವಸೆಯೊಂದಿಗೆ ನೋಡಿಕೊಳ್ಳಬೇಕು ಎಂದರು. ಬಿಸಿಯೂಟ, ನಿದ್ರೆ, ಒಂದಿಷ್ಟು ಮಾತುಕತೆ. ಚಿಕಿತ್ಸೆಯ ಬಹುಭಾಗ ಇಷ್ಟೇ ಆಗಿತ್ತು. ಇದರ ಹಿಂದೆ ಸೈನಿಕನನ್ನು ಬೇಗ ಮತ್ತೆ ಯುದ್ಧಕ್ಕೆ ದೂಡುವ ಸೇನೆಯ ಸ್ವಾರ್ಥವೂ ಇತ್ತು, ಆ ಆಕ್ಷೇಪ ನ್ಯಾಯವಾದದ್ದೇ. ಆದರೆ 1982ರ ಲೆಬನಾನ್ ಯುದ್ಧದಲ್ಲಿ ಈ ರೀತಿ ಚಿಕಿತ್ಸೆ ಪಡೆದ ಇಸ್ರೇಲಿ ಸೈನಿಕರನ್ನು ಸಂಶೋಧಕಿ ಜಹಾವಾ ಸೊಲೊಮನ್ ಮತ್ತು ಸಂಗಡಿಗರು 20 ವರ್ಷಗಳ ನಂತರ ಮತ್ತೆ ಭೇಟಿಯಾದಾಗ, ಹಾಗೆ ಚಿಕಿತ್ಸೆ ಸಿಗದೆ ಹಿಂದಕ್ಕೆ ಹೋದವರಿಗಿಂತ ಇವರಲ್ಲಿ ಆಘಾತದ ಲಕ್ಷಣಗಳು ಕಡಿಮೆಯಿದ್ದವು. ಒಂಟಿತನದ ಭಾವವೂ ಕಡಿಮೆಯಿತ್ತು. ಎರಡು ದಶಕಗಳ ಕೆಳಗೆ ತನ್ನವರಿಂದ ದೂರವಾಗದೆ ಉಳಿದದ್ದರ ಫಲ ಮಧ್ಯವಯಸ್ಸಿನಲ್ಲಿಯೂ ಕಾಣುತ್ತಿತ್ತು.

ಹಾಗಿದ್ದರೆ ನರಳುವವರು ನೆರವು ಕೇಳುವುದಿಲ್ಲವೇಕೆ? ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಬಂದವರನ್ನು ಕುರಿತು ಚಾರ್ಲ್ಸ್ ಹೋಗ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆಯ ಲಕ್ಷಣಗಳಿದ್ದವರಲ್ಲಿ ಶೇಕಡ 23ರಿಂದ 40ರಷ್ಟು ಮಂದಿ ಮಾತ್ರ ಚಿಕಿತ್ಸೆ ಪಡೆದಿದ್ದರು. ಮರ್ಯಾದೆ ಹೋದೀತೆಂಬ ಅಂಜಿಕೆ ಹೆಚ್ಚು ತೀವ್ರವಾಗಿದ್ದದ್ದು, ಯಾರಿಗೆ ನೆರವಿನ ಅಗತ್ಯ ಹೆಚ್ಚಿತ್ತೋ ಅವರಲ್ಲೇ. ಇದನ್ನು ಸೈನಿಕನ ಹಟಮಾರಿತನ ಎಂದು ತಳ್ಳಿಹಾಕುವುದು ಅನ್ಯಾಯ. ಆಯುಧ ಕಸಿದುಕೊಳ್ಳುತ್ತಾರೆ, ಬಡ್ತಿ ತಪ್ಪುತ್ತದೆ, ‘ಇವನನ್ನು ನಂಬಿ ಪಕ್ಕದಲ್ಲಿ ನಿಲ್ಲಬಹುದೇ’ ಎಂದು ಜೊತೆಯವರೇ ಅನುಮಾನಿಸುತ್ತಾರೆ ಎಂಬ ಅವನ ಲೆಕ್ಕಾಚಾರ ಎಷ್ಟೋ ಕಡೆ ಸರಿಯಾದ ಲೆಕ್ಕಾಚಾರವೇ. ಆದ್ದರಿಂದ ಬದಲಾಗಬೇಕಾದದ್ದು ಲೆಕ್ಕ ಹಾಕುವವನ ಮನಸ್ಸಿಗಿಂತ ಮೊದಲು ಲೆಕ್ಕವೇ. ಅಮೆರಿಕದ ವಾಯುಸೇನೆ 1996ರಲ್ಲಿ ಈ ಕೆಲಸಕ್ಕೆ ಕೈಹಾಕಿತು. ನೆರವು ಕೇಳುವುದು ವೃತ್ತಿಗೆ ಕುತ್ತಲ್ಲ ಎಂಬ ಮಾತನ್ನು ಮೇಲಿನ ದರ್ಜೆಯ ಅಧಿಕಾರಿಗಳ ಬಾಯಿಂದಲೇ ಮತ್ತೆ ಮತ್ತೆ ಹೇಳಿಸಿತು, ಪ್ರತಿಯೊಬ್ಬರಿಗೂ ತರಬೇತಿ ಕೊಟ್ಟಿತು, ವಿಚಾರಣೆ ಎದುರಿಸುತ್ತಿರುವವರು ಮನೋವೈದ್ಯರೊಡನೆ ಆಡಿದ ಮಾತಿಗೆ ಗೋಪ್ಯತೆಯ ರಕ್ಷಣೆ ನೀಡಿತು. ಮುಂದಿನ ಆರು ವರ್ಷಗಳ ಲೆಕ್ಕದಲ್ಲಿ ಆತ್ಮಹತ್ಯೆಯ ಅಪಾಯ ಮೂರನೇ ಒಂದು ಪಾಲು ಇಳಿದಿತ್ತು.

ಆಯುಧದ ವಿಚಾರಕ್ಕೆ ಬರುತ್ತೇನೆ. ಸಾಯಬೇಕೆಂಬ ತುಡಿತ ತುತ್ತತುದಿಗೇರುವ ಹೊತ್ತು ಬಹಳ ಮಂದಿಯಲ್ಲಿ ಸಣ್ಣದು. ಅಲೆಯಂತೆ ಏರಿ, ಇಳಿದುಹೋಗುತ್ತದೆ. ಆ ಹೊತ್ತಿನಲ್ಲಿ ಪ್ರಾಣಾಂತಕ ಸಾಧನ ಕೈಗೆಟಕದಿದ್ದರೆ ಬಹುಪಾಲು ಜನ ಬದುಕುಳಿಯುತ್ತಾರೆ, ಮತ್ತು ಉಳಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ವಾರಾಂತ್ಯದ ರಜೆಗೆ ಹೋಗುವ ಸೈನಿಕರು ಬಂದೂಕನ್ನು ಮನೆಗೆ ಒಯ್ಯದೆ ನೆಲೆಯಲ್ಲೇ ಬಿಟ್ಟುಹೋಗಬೇಕೆಂದು ಇಸ್ರೇಲ್ ಸೇನೆ 2006ರಲ್ಲಿ ನಿಯಮ ಮಾಡಿತು. ಆ ಬಳಿಕ ಸೈನಿಕರ ಆತ್ಮಹತ್ಯೆಗಳು ಸುಮಾರು ಶೇಕಡ 40ರಷ್ಟು ತಗ್ಗಿದವು. ತಗ್ಗಿದ್ದು ವಾರಾಂತ್ಯದ ಸಾವುಗಳು, ವಾರದ ಉಳಿದ ದಿನಗಳ ಪ್ರಮಾಣ ಹೆಚ್ಚುಕಡಿಮೆ ಹಾಗೆಯೇ ಇತ್ತು. ಯಾರ ಮನಸ್ಸನ್ನೂ ತಿದ್ದದೆ, ಒಂದು ವಸ್ತುವನ್ನು ಕೆಲವು ಮೈಲಿ ದೂರದಲ್ಲಿಟ್ಟು ಉಳಿಸಿಕೊಂಡ ಜೀವಗಳು ಇವು.

ಚಿಕಿತ್ಸೆಯೂ ಫಲ ಕೊಡುತ್ತದೆ, ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಆಘಾತದ ನೆನಪನ್ನು ಹಂತಹಂತವಾಗಿ ಎದುರಿಸುವ, ಅದರ ಸುತ್ತ ಬೆಳೆದ ತಪ್ಪು ತೀರ್ಮಾನಗಳನ್ನು ಬಿಡಿಸುವ ಚಿಕಿತ್ಸಾ ವಿಧಾನಗಳು ಪಳಗಿವೆ. ಕೊಲೊರಾಡೊದ ಸೇನಾ ನೆಲೆಯೊಂದರಲ್ಲಿ, ಆತ್ಮಹತ್ಯೆಯ ತೀವ್ರ ಆಲೋಚನೆಯಿದ್ದ ಅಥವಾ ಅದಾಗಲೇ ಪ್ರಯತ್ನಿಸಿದ್ದ 152 ಸೈನಿಕರಲ್ಲಿ ಅರ್ಧದಷ್ಟು ಮಂದಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಸುಮಾರು 12 ಭೇಟಿಗಳ ಮಾತಿನ ಚಿಕಿತ್ಸೆ ಕೊಟ್ಟರು. ಎರಡು ವರ್ಷಗಳ ಅವಧಿಯಲ್ಲಿ ಅವರಲ್ಲಿ ಆತ್ಮಹತ್ಯೆಯ ಪ್ರಯತ್ನದ ಸಾಧ್ಯತೆ, ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದವರಿಗಿಂತ ಶೇಕಡ 60ರಷ್ಟು ಕಡಿಮೆಯಿತ್ತು.

ಇನ್ನು ಮನೆಯವರು, ಗೆಳೆಯರು. ನಿಮ್ಮ ಮನೆಯ ಸೈನಿಕ ತನ್ನ ಪ್ರಿಯವಾದ ವಸ್ತುಗಳನ್ನು ಹಂಚುತ್ತಿದ್ದರೆ, ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ ಎಂಬಂಥ ಮಾತಾಡಿದರೆ, ಕುಡಿತ ಏಕಾಏಕಿ ಹೆಚ್ಚಿದರೆ, ಅಥವಾ ಬಹಳ ದಿನಗಳ ಸಂಕಟದ ಬಳಿಕ ಕಾರಣವಿಲ್ಲದೆ ಪೂರ್ತಿ ಶಾಂತನಾಗಿಬಿಟ್ಟರೆ, ಸುತ್ತಿಬಳಸದೆ ಕೇಳಿ: “ಸಾಯಬೇಕು ಅಂತ ಯೋಚನೆ ಬರ್ತಿದೆಯಾ?” ಹೀಗೆ ಕೇಳಿದರೆ ಇಲ್ಲದ ಆಲೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಹೆದರಿಕೆ ಬಹಳ ಜನರಿಗಿದೆ, ಅದಕ್ಕೆ ಆಧಾರವಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಹೌದೆಂದರೆ ಬುದ್ಧಿ ಹೇಳಲು ಹೋಗಬೇಡಿ, ಗಾಬರಿಯಿಂದ ಕೂಗಾಡಬೇಡಿ. ಅವನನ್ನು ಒಬ್ಬನೇ ಬಿಡಬೇಡಿ, ಅಪಾಯದ ವಸ್ತುಗಳನ್ನು ಮನೆಯಿಂದ ದೂರ ಮಾಡಿ, ವೈದ್ಯರ ಬಳಿಗೆ ಜೊತೆಯಲ್ಲೇ ಹೋಗಿ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಅಂಥ ಆಲೋಚನೆ ಬರುತ್ತಿದ್ದರೆ, ದಯವಿಟ್ಟು ಈ ರಾತ್ರಿಯೇ ಒಬ್ಬರಿಗೆ ಹೇಳಿ. ಹಳೆಯ ಜೊತೆಗಾರನಿಗಾದರೂ ಸರಿ, ಸಹಾಯವಾಣಿಗಾದರೂ ಸರಿ.

ಮನೋವೈದ್ಯಕೀಯ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ತಿಂಗಳುಗಳು ಎಲ್ಲಕ್ಕಿಂತ ನಾಜೂಕಿನವು. ಅಮೆರಿಕದ ಭೂಸೇನೆಯ ದಾಖಲೆಗಳ ಪ್ರಕಾರ, ಹಾಗೆ ಬಿಡುಗಡೆಯಾದ ಸೈನಿಕರಲ್ಲಿ ಮೊದಲ ವರ್ಷದ ಆತ್ಮಹತ್ಯೆಯ ಪ್ರಮಾಣ ಲಕ್ಷಕ್ಕೆ 263.9, ಒಟ್ಟು ಸೇನೆಯಲ್ಲಿ ಅದು 18.5. ಆಸ್ಪತ್ರೆಯ ಗೇಟು ದಾಟಿದವನನ್ನು ‘ಗುಣವಾದ’ ಎಂದು ಮರೆತುಬಿಡುವ ವ್ಯವಸ್ಥೆಗೆ ಈ ಅಂತರ ಕಾಣಬೇಕು.

ಜೆರೋಮ್ ಮೋಟೊ ಎಂಬ ಮನೋವೈದ್ಯರಿಗೆ ಇದು ಬಹಳ ಹಿಂದೆಯೇ ಹೊಳೆದಿತ್ತು. ಎರಡನೇ ಮಹಾಯುದ್ಧದಲ್ಲಿ ಅವರು ಸೈನಿಕರಾಗಿ ಯೂರೋಪಿನಲ್ಲಿದ್ದರು. ಆಗ ಪರಿಚಯದ ಯುವತಿಯೊಬ್ಬಳು ಬರೆಯುತ್ತಿದ್ದ ಪತ್ರಗಳು ತಮಗೆ ಎಷ್ಟು ಆಸರೆಯಾಗಿದ್ದವು ಎಂಬುದನ್ನು ಅವರು ಮರೆಯಲಿಲ್ಲ. 1969ರಿಂದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಖಿನ್ನತೆ ಅಥವಾ ಆತ್ಮಹತ್ಯೆಯ ಸ್ಥಿತಿಯಿಂದ ಆಸ್ಪತ್ರೆ ಸೇರಿ, ಬಿಡುಗಡೆಯ ನಂತರ ಮುಂದಿನ ಚಿಕಿತ್ಸೆಯನ್ನು ನಿರಾಕರಿಸಿದ 843 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷಗಳಲ್ಲಿ 24 ಪತ್ರಗಳು ಹೋದವು. ಒಂದೊಂದರಲ್ಲೂ ಕೆಲವೇ ಸಾಲು: ನೀವು ಇಲ್ಲಿಂದ ಹೋಗಿ ಕೆಲಕಾಲವಾಯಿತು, ಚೆನ್ನಾಗಿದ್ದೀರೆಂದು ಭಾವಿಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬ ಅರ್ಥದ ಮಾತುಗಳು. ಔಷಧಿಯ ಪ್ರಸ್ತಾಪವಿಲ್ಲ, ಭೇಟಿಯ ಒತ್ತಾಯವಿಲ್ಲ. ಮೊದಲ ಎರಡು ವರ್ಷಗಳಲ್ಲಿ, ಪತ್ರ ಹೋದ ಗುಂಪಿನ ಆತ್ಮಹತ್ಯೆಗಳು ಇನ್ನೊಂದು ಗುಂಪಿಗಿಂತ ಗಮನಾರ್ಹವಾಗಿ ಕಡಿಮೆಯಿದ್ದವು.

ಅದೇ ವಿಚಾರವನ್ನು ಸೇನೆಯೊಳಗೆ ಮೊಬೈಲ್ ಸಂದೇಶಗಳ ಮೂಲಕ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು ಆತ್ಮಹತ್ಯೆಯ ಆಲೋಚನೆಯಿದ್ದ 658 ಸೈನಿಕರು. ಮುಖ್ಯವೆಂದು ಮೊದಲೇ ಗೊತ್ತುಮಾಡಿಕೊಂಡಿದ್ದ ಅಳತೆಗಳಲ್ಲಿ ವ್ಯತ್ಯಾಸ ಸಿಗಲಿಲ್ಲ. ಆದರೆ ವರ್ಷದೊಳಗೆ ಆತ್ಮಹತ್ಯೆಗೆ ಪ್ರಯತ್ನಿಸಿದವರು ಸಂದೇಶ ಪಡೆದ ಗುಂಪಿನಲ್ಲಿ ಕಡಿಮೆಯಿದ್ದರು. ಒಬ್ಬೊಬ್ಬರಿಗೆ ವರ್ಷಕ್ಕೆ ಹೋದದ್ದು 11 ಸಂದೇಶಗಳು. ಮೊದಲನೆಯದು ಮೊದಲ ದಿನವೇ, ಎರಡನೆಯದು ವಾರದ ಬಳಿಕ, ಆಮೇಲಿನವು ತಿಂಗಳುಗಳ ಅಂತರದಲ್ಲಿ. ಅವುಗಳಲ್ಲಿ ಒಂದು, ಅವನ ಹುಟ್ಟುಹಬ್ಬದ ದಿನ.